ತಾನಾಗಿ ಮರಳದ ಕೊಡಲಿ

ಅಪ್ಪನ ಕೆಲಸದ ಕೋಣೆಯಿಂದ,
ಮಾರ್ಚ್ ೯, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಅತ್ತಿಗೆಯ ಕೆಮ್ಮು? ನಾನು ಚೆನ್ನಾಗಿದ್ದೇನೆ, ಅಂದರೆ ಊಟ ನಿದ್ದೆ ಎಲ್ಲ ಆಗುತ್ತಿದೆ. ಅಪ್ಪನಿಗೆ ಲಕ್ವ ಹೊಡೆದು ಇವತ್ತಿಗೆ ನಲವತ್ತು ದಿನ. ಮಾತು ನಿಂತಿದೆ, ಬಲಗೈ ಬಲಗಾಲು ಏಳುವುದಿಲ್ಲ. ಫೋನಿನಲ್ಲಿ ಹೇಳಿದಾಗ ನೀನು 'ಹೂಂ' ಅಂದು ಇಟ್ಟುಬಿಟ್ಟೆ, ಅದಕ್ಕೇ ಈ ಪತ್ರ. ನಿನ್ನದು ತಪ್ಪೆನ್ನುವುದಿಲ್ಲ. ನನಗೂ ಅಳು ಬಂದಿಲ್ಲ ಕಣೋ. ಒಳಗೆಲ್ಲ ಜೋಮು ಹಿಡಿದಂತಿದೆ. ಮಾತ್ರೆ ಕೊಡುತ್ತೇನೆ, ಹಾಸಿಗೆ ಬದಲಿಸುತ್ತೇನೆ, ಇಲ್ಲಿ ಬಂದು ಕೂತು ಕಾದಂಬರಿ ಬರೆಯುತ್ತೇನೆ.

ಅದೇ ಹಿಮದೇಶದ ಕಾದಂಬರಿ. ಒಕ್ಕಣ್ಣ ರಾಜ, ಹೆಪ್ಪುಗಟ್ಟಿದ ಸಮುದ್ರ, ಉದ್ದ ದೋಣಿಗಳು. ರಾಜನಿಗೊಂದು ಮಾಯದ ಆಯುಧ ಬೇಕಿತ್ತು. ಎಸೆದರೆ ತಾನಾಗಿ ಕೈಗೆ ಮರಳುವ ಸುತ್ತಿಗೆ ಎಂದು ಬರೆದೆ. ನಮ್ಮ ಸಂಪಾದಕಿ, ನಾನು 'ಕತ್ತರಿ' ಅನ್ನುತ್ತೇನಲ್ಲ ಅವಳು, 'ಇದು ಅಜ್ಜಿ ಕಾಲದ್ದು, ಬೇರೆ ತಾ' ಎಂದು ಗೀಚಿ ಕಳಿಸಿದಳು. ಗುರಿ ತಪ್ಪದ ಈಟಿಗೂ ಅದೇ ಮಂಗಳಾರತಿ. ತಲೆ ಚಿಟ್ಟುಹಿಡಿದು, ಲಕ್ವ ಹೊಡೆಯುವ ಹಿಂದಿನ ವಾರ ಅಪ್ಪನನ್ನೇ ಕೇಳಿದೆ. ಐವತ್ತು ವರ್ಷ ಮರದ ಹಿಡಿ ಕೆತ್ತಿ ಕೊಡಲಿಗೆ ಕಾವು ಹಾಕಿದ ಮನುಷ್ಯ ತಾನೇ! ಅಪ್ಪ ನಕ್ಕರು. 'ಎಸೆದದ್ದು ತಾನಾಗೇ ವಾಪಸ್ ಬಂದ್ರೆ ಎಸೆದವನಿಗೆ ಬುದ್ಧಿ ಬರೋದು ಯಾವಾಗಮ್ಮ? ಎದ್ದು ಹೋಗಿ ತರ್ಬೇಕು. ಹೆಜ್ಜೆಗೊಂದು ವರ್ಷ ಮುದುಕ ಆಗ್ತಾನೆ ಅಂತ ಬರಿ.' ರಾಜನ ಕೈಗೆ ಅಂಥದೇ ಒಂದು ಕೊಡಲಿ ಕೊಟ್ಟೆ. ಕತ್ತರಿ ಕೂಡ ಒಪ್ಪಿಕೊಂಡಳು ಅಂದರೆ ನೋಡು.

ನಿನಗೆ ನೆನಪಿರಲೇಬೇಕು. ಕಾವನ್ನು ಬೇಕಾದ್ದಕ್ಕಿಂತ ಒಂದು ಗೇಣು ಉದ್ದವೇ ಬಿಟ್ಟು, ಗಿರಾಕಿ ಬಂದು ಹಿಡಿದ ಮೇಲೆ ಅವನ ಕೈ ನೋಡಿಯೇ ತುದಿ ಕತ್ತರಿಸುವುದು ಅಪ್ಪನ ಕ್ರಮ. ನೀನು ಆತುರಕ್ಕೆ ಬಿದ್ದು ನಲವತ್ತು ಕಾವುಗಳನ್ನೂ ಒಂದೇ ಅಳತೆಗೆ ಕೊಯ್ದುಹಾಕಿದೆ. ಅವರು ನಿನ್ನ ಚೀಲವನ್ನು ಬೀದಿಗೆ ಎಸೆದರು. ಒಂಬತ್ತು ವರ್ಷವಾಯಿತು. ನೀನೂ ಬರಲಿಲ್ಲ, ಅವರೂ ಕರೆಯಲಿಲ್ಲ. ಇಬ್ಬರೂ ಹಠಮಾರಿಗಳು, ನಡುವೆ ನಾನೊಬ್ಬಳು ಬೆಪ್ಪುತಕ್ಕಡಿ. ಕಪಾಟಿನ ಮೇಲೆ ಈಗಲೂ ತುದಿ ಕತ್ತರಿಸದ ಒಂದು ಕೊಡಲಿ ಇದೆ. ಕಾವಿನ ಮೇಲೆ ಪೆನ್ಸಿಲಿನಲ್ಲಿ 'ದೊಡ್ಡವನಿಗೆ' ಎಂದಿದೆ.

ಕೊನೆಯ ಅಧ್ಯಾಯ ಮಾತ್ರ ಮುಗಿಯುತ್ತಿಲ್ಲ. ಕೊಡಲಿ ಮಂಜಿನಾಚೆ ಬಿದ್ದಿದೆ, ರಾಜ ಕೂತಲ್ಲೇ ಕೂತಿದ್ದಾನೆ. ನಾಲ್ಕು ಸಲ ಬರೆದು ಹರಿದೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುತ್ತು. ಮಂಡಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ನಿನ್ನೆ ಆ ಅಧ್ಯಾಯವನ್ನು ಅಪ್ಪನಿಗೆ ಓದಿದೆ. ರಾಜ ಏಳುವುದೇ ಇಲ್ಲ ಎಂದಾಗ ಎಡಗೈಯಲ್ಲಿ ಮಂಚ ತಟ್ಟಿದರು. ಮೊದಲು ಕಪಾಟಿನ ಕಡೆ ಕೈ ತೋರಿಸಿದರು, ಆಮೇಲೆ ಚಪ್ಪಲಿಯ ಕಡೆ. ಕೊಡಲಿಯನ್ನು ಚೀಲಕ್ಕೆ ಹಾಕಿದ್ದೇನೆ. ಇಪ್ಪತ್ತೊಂದನೇ ತಾರೀಖು, ಭಾನುವಾರ, ಬೆಳಗಿನ ಬಸ್ಸಿಗೆ ಇಬ್ಬರೂ ಬರುತ್ತಿದ್ದೇವೆ. ಬೇಡ ಅನ್ನಬೇಡ. ನಿನ್ನ ಮನೆಗೆ ಮೆಟ್ಟಿಲು ಎಷ್ಟಿವೆ ಎಂದಷ್ಟೇ ಫೋನ್ ಮಾಡಿ ಹೇಳು.