ಹತ್ತು ಸೂಜಿ

ಅಣ್ಣಾ,

ನಿಮ್ಮ ಫೋನಿಗೆ ಕರೆ ಹೋಗುವುದಿಲ್ಲ, ಎಲ್ಲಿದ್ದೀರೆಂದು ಯಾರಿಗೂ ಗೊತ್ತಿಲ್ಲ. ಆದರೂ ಇವತ್ತು ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಬಸ್ ಡ್ರೈವರೊಬ್ಬರು ನನ್ನ ಹೊಲಿಗೆ ಅಂಗಡಿಗೆ ಪ್ಯಾಂಟ್ ತಂದು, "ಸೊಂಟ ಸ್ವಲ್ಪ ಬಿಡಿಸಿಕೊಡಿ" ಎಂದರು. ಹೊಲಿಗೆ ಬಿಚ್ಚಿದ ಕೂಡಲೇ ನಿಮ್ಮ ಕೈ ಗುರುತಾಯಿತು. ಒಳಗೆ ಎರಡು ಬೆರಳಗಲ ಬಟ್ಟೆ ಹೆಚ್ಚಿಗೆ ಬಿಟ್ಟಿದ್ದೀರಿ. "ಮನುಷ್ಯ ಇದ್ದ ಹಾಗೇ ಇರ್ತಾನೇನೋ? ಜಾಗ ಬಿಟ್ಟಿರಬೇಕು" ಎಂದು ಕೆಲಸ ಕಲಿಸುವಾಗ ನನ್ನ ತಲೆಗೊಂದು ಮೊಟಕುತ್ತಿದ್ದಿರಿ.

ಚುನಾವಣೆಯ ಬಗ್ಗೆ ನೀವು ಫೇಸ್‌ಬುಕ್ಕಿನಲ್ಲಿ ಬರೆದದ್ದು ನನಗೆ ಈಗಲೂ ಒಪ್ಪಿಗೆಯಿಲ್ಲ. ಅಷ್ಟನ್ನೇ ಹೇಳಬಹುದಿತ್ತು. "ಸೂಜಿಗೆ ದಾರ ಪೋಣಿಸಲಾಗದ ಕಣ್ಣಿಗೆ ದೇಶ ಕಾಣುತ್ತಾ?" ಎಂದು ಕೆಳಗೆ ಬರೆದೆ. ದಿನಾ ಬೆಳಿಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿ ನಿಮ್ಮ ಮೇಜಿನ ಮೇಲಿಟ್ಟು ಬರುತ್ತಿದ್ದವನು ನಾನೇ. ನಿಮ್ಮ ಕಣ್ಣಿನ ವಿಷಯ ನಮ್ಮಿಬ್ಬರಿಗಷ್ಟೇ ಗೊತ್ತಿತ್ತು. ಊರೆಲ್ಲ ನಕ್ಕಿತು. ನೀವು "ನಿಜ ಕಣಪ್ಪ" ಎಂದಷ್ಟೇ ಉತ್ತರ ಹಾಕಿದಿರಿ. ಮಾರನೇ ದಿನ ನಾನು ಬರೆದದ್ದನ್ನು ಅಳಿಸಿದೆ. ಅಷ್ಟರಲ್ಲಿ ಅದು ಕಂಡಕಂಡವರ ಫೋನಿಗೆ ಹೋಗಿಯಾಗಿತ್ತು. ತಿಂಗಳೊಳಗೆ ನಿಮ್ಮ ಅಂಗಡಿಗೆ ಬೀಗ ಬಿತ್ತು.

ಡ್ರೈವರ್ ನಿಂತಲ್ಲೇ ಮಾತು ತೆಗೆದರು. "ಮೊದಲು ಇದನ್ನ ಹೊಲಿದ ಅಣ್ಣನ ಹತ್ರಾನೇ ಹೊಲಿಸ್ತಿದ್ದೆ. ಕಣ್ಣು ಕಾಣಲ್ವಂತೆ, ಫೋನಲ್ಲಿ ಯಾರೋ ಹಾಕಿದ್ರು. ಅದಕ್ಕೇ ಬಿಟ್ಟೆ."

ನನ್ನ ಕೈಯಲ್ಲಿ ಇನ್ನೂ ಬಿಚ್ಚದೆ ಉಳಿದಿದ್ದ ನಿಮ್ಮ ಹೊಲಿಗೆ, ಗೆರೆ ಎಳೆದ ಹಾಗೆ ನೇರವಾಗಿತ್ತು. ಅವರಿಗೆ ತೋರಿಸಬೇಕೆಂದು ಬಾಯಿ ತೆರೆದೆ.

"ಸಂಜೆಗೆ ಬನ್ನಿ" ಎಂದೆ.