ಹಳ್ಳದ ದಂಡಿಯ ದೇವರು

ಲೇ ನೀಲಕಂಠಪ್ಪ,

ಇತ್ತ ಯಾವುದೂ ಕ್ಷೇಮ ಇಲ್ಲ. ನೀ ಸತ್ತು ವರ್ಷ ಆತು, ನಿನ್ನ ಕ್ಷೇಮ ಕೇಳೂದೂ ಉಳೀಲಿಲ್ಲ.

ಪವಾಯಿ ಕೆರಿಗೆ ನೀರು ತರೋ ಹಳ್ಳ ಉಳಿಸಾಕ ನಾವಿಬ್ಬರೂ ಸಂಘ ಕಟ್ಟಿದಾಗ, ಅದರಾಗ ಮಣ್ಣು ಸುರಿಯೋ ಲಾರಿಗಳನ್ನ ನಿನ್ನ ಯಾವ ಅರ್ಜಿ ತಡೀತು? ನಮ್ಮನಿ ರುಬ್ಬೋ ಗುಂಡುಕಲ್ಲಿಗೆ ಸಿಂಧೂರ ಬಳದು ದಂಡಿಗೆ ನಿಲ್ಲಿಸಿದ್ದು ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟ ನನ್ನ ಈ ತಲಿ! ಡ್ರೈವರ್‌ಗಳು ಕೈಮುಗದು ಲಾರಿ ತಿರುಗಿಸಿದ್ರು. "ಲಾರಿ ನಿಂತುವಲ್ಲ, ಇನ್ನ ಅದನ್ನ ತಗದುಬಿಡು" ಅಂದಿ ನೀ. ನಾ ನಕ್ಕೆ.

ಆ ಗುಂಡಿನ ಸುತ್ತ ಎದ್ದ ಗುಡಿಯವರು ನಿನ್ನೆ ಮಂಟಪಕ್ಕಂತ ಹಳ್ಳದ ಮ್ಯಾಲೇ ಸ್ಲ್ಯಾಬ್ ಹಾಕಿದ್ರು. ಕಾಯಿ ಒಡದವ ಯಾರು ಗೊತ್ತೇನು? ನಮ್ಮ ಸಂಘದ ಈಗಿನ ಅಧ್ಯಕ್ಷ, ನಿನ್ನ ಮಗ ಅನಿಕೇತ!

"ಅದು ದೇವರಲ್ಲೋ, ನಮ್ಮನ್ಯಾಗ ನಿಮ್ಮ ಕಾಕೂ ಚಟ್ನಿ ರುಬ್ಬಿದ ಗುಂಡು!" ಅಂತ ಒದರಿದೆ. ಮಂದಿ ನಕ್ಕರು.

"ಕಾಕಾ, ಗಪ್ ಬಸಾ, ಸುಮ್ನ ಕೂಡ್ರಿ. ಜಾಗೃತ ದೇವಸ್ಥಾನ ಇದು. ಪಪ್ಪಾನೂ ದಿನಾ ಇಲ್ಲಿ ಬಂದು ಬಗ್ಗಿ ನಮಸ್ಕಾರ ಮಾಡ್ತಿದ್ರು" ಅಂದ.

ನಮಸ್ಕಾರ ಅಂತ! ನೀ ಬಗ್ಗಿ ನೋಡ್ತಿದ್ದದ್ದು ಹಳ್ಳದಾಗ ನೀರು ಹರೀತೈತೋ ಇಲ್ಲೋ ಅಂತ. ಅದನ್ನ ತೋರಿಸಾಕ ಅಂವನ ರಟ್ಟಿ ಹಿಡದು ದಂಡಿಗೆ ಎಳಕೊಂಡು ಹೋದೆ.

ಬರೇ ಹಸಿ ಸಿಮೆಂಟ್ ಇತ್ತು.

ನಿನ್ನ
ಚನಮಲ್ಲ