ನಲವತ್ತೊಂದನೆಯ ಡಾಲ್ಫಿನ್

ಜೂನ್ 9, ಬೆಳಿಗ್ಗೆ 11

ನಲವತ್ತರಲ್ಲಿ ಇನ್ನೂ ಹನ್ನೆರಡು ಡಾಲ್ಫಿನ್ ಟೈಪ್ ಮಾಡುವುದಿದೆ. ಗಂಡೋ ಹೆಣ್ಣೋ, ವಯಸ್ಸು, ಎಡಗಣ್ಣಿನ ಪ್ರೆಶರ್, ಬಲಗಣ್ಣಿನದು. ನಮ್ಮ ಯಜಮಾನರು ಪಶುವೈದ್ಯರು. ಹೊರದೇಶದಲ್ಲಿ ಎಂಟು ತಿಂಗಳಿದ್ದು ಅಳೆದು ತಂದ ಅಂಕಿಗಳು. ಮನೆಗೆ ಬಂದವರಿಗೆಲ್ಲ ಅದೇ ಪಾಠ — ಡಾಲ್ಫಿನ್ ಕಣ್ಣೀರು ಲೋಳೆಯ ಹಾಗೆ ಗಟ್ಟಿ, ಉಪ್ಪುನೀರು ತಾಕುವುದಿಲ್ಲ. ಮನುಷ್ಯರಿಗೆ ಪ್ರೆಶರ್ ಇಪ್ಪತ್ತೊಂದು ದಾಟಬಾರದು, ಡಾಲ್ಫಿನ್‌ಗೆ ಮೂವತ್ತರ ಮೇಲಿದ್ದರೂ ನಾರ್ಮಲ್.

ಎಡಭುಜಕ್ಕೆ ಮತ್ತೆ ಬಾಗಿಲ ಚೌಕಟ್ಟು ಬಡಿಯಿತು. ಹೇಳಿದೆ. "ನೋಡ್ಕೊಂಡ್ ಓಡಾಡೇ" ಅಂದರು. ತಲೆ ಎತ್ತಲಿಲ್ಲ.

ಜೂನ್ 13

ಕುವೆಂಪುನಗರದ ಕಣ್ಣಿನ ಕ್ಲಿನಿಕ್‌ಗೆ ಒಬ್ಬಳೇ ಹೋದೆ. ಸ್ಕೂಟರ್ ಓಡಿಸಲು ಧೈರ್ಯ ಸಾಲಲಿಲ್ಲ, ಆಟೋ. ಕಣ್ಣಿನ ಪ್ರೆಶರ್ ಎಡ 36, ಬಲ 34. ಗ್ಲಾಕೋಮಾ, ಪ್ರೆಶರ್ ಏರಿ ಮೊದಲು ಪಕ್ಕದ ನೋಟ ಹೋಗುವ ಕಾಯಿಲೆ.

"ಹೋಗಿರೋ ದೃಷ್ಟಿ ವಾಪಸ್ ಬರಲ್ಲಮ್ಮ. ಇರೋದನ್ನ ಉಳಿಸ್ಕೋಬೇಕು. ಮುಂದಿನ್ ಸಲ ಮನೆಯವ್ರನ್ನ ಕರ್ಕೊಂಡ್ ಬನ್ನಿ" ಅಂದರು ಡಾಕ್ಟರ್ ಕುಸುಮ.

"ಅವ್ರಿಗೂ ಕಣ್ಣಿಂದೇ ಕೆಲ್ಸ" ಅಂದೆ. ನಗು ಬಂತು.

ಸಂಜೆ ಡಾಕ್ಟರ ಚೀಟಿಯನ್ನು ಯಜಮಾನರ ಲ್ಯಾಪ್‌ಟಾಪ್ ಪಕ್ಕದಲ್ಲೇ ಇಟ್ಟೆ. ಅದರ ಮೇಲೆ ಕಾಫಿ ಲೋಟ ಇಟ್ಟರು.

ಜೂನ್ 14

ನಲವತ್ತೂ ಮುಗಿಯಿತು. ಕೆಳಗೆ ಇನ್ನೊಂದು ಸಾಲು ಸೇರಿಸಿದೆ. 41. ಹೆಣ್ಣು. 47 ವರ್ಷ. 36, 34.

ಮದುವೆಯಾಗಿ ಇಪ್ಪತ್ತೆರಡು ವರ್ಷ. ಮೊದಲ ಸಲ ಅವರಿಗೆ ಸುಳ್ಳು ಬರೆದುಕೊಟ್ಟೆ. ಕಂಡುಹಿಡಿದು ಬೈಯಲಿ. ಇದು ಯಾರು ಅಂತ ಒಂದು ಮಾತು ಕೇಳಿದರೆ ಸಾಕು.

ಜೂನ್ 16, ತಿಂಡಿ ಆದ ಮೇಲೆ

ದೋಸೆ ತಿನ್ನುತ್ತಾ ಪಟ್ಟಿ ಓದಿದರು. ಕೊನೆಯ ಸಾಲಿನ ಮೇಲೆ ಬೆರಳು ನಿಂತಿತು.

"ಇಷ್ಟ್ ವಯಸ್ಸಾಗಿರೋದೂ ಒಂದಿತ್ತಾ?"

"ಇತ್ತು. ನೀವೇ ದಿನಾ ನೋಡ್ತಿದ್ರಿ."

"ಪ್ರೆಶರ್ ನಾರ್ಮಲ್ಲೇ ಇದೆ. ಇರ್ಲಿ ಬುಡು. ಇನ್ನೊಂದ್ ದೋಸೆ ಹಾಕು."

ಹಾಕಿದೆ.

ಜುಲೈ 21

ತಿಂಗಳಾಯಿತು ಬರೆದು. ಡ್ರಾಪ್ಸ್ ನಾನೇ ಹಾಕಿಕೊಳ್ಳುತ್ತಿದ್ದೇನೆ... ಅರ್ಧ ಕಣ್ಣಿಗೆ, ಅರ್ಧ ಕೆನ್ನೆಗೆ. ಮನೆಯವರನ್ನು ಕರೆದುಕೊಂಡು ಹೋಗಲಿಲ್ಲ. ಇನ್ನು ಹೋಗುವುದೂ ಇಲ್ಲ.

ಇವತ್ತು ಸಭೆಯೊಂದರಲ್ಲಿ ಈ ಅಧ್ಯಯನದ ಬಗ್ಗೆ ಅವರ ಭಾಷಣ. "ನಲವತ್ತೊಂದು ಡಾಲ್ಫಿನ್! ಒಂದೊಂದರ ಕಣ್ಣನ್ನೂ ನಾನೇ ಕೂತು ಪರೀಕ್ಷೆ ಮಾಡಿದ್ದೇನೆ" ಅಂದರು. ಜೋರು ಚಪ್ಪಾಳೆ. ನಾನೂ ತಟ್ಟಿದೆ, ಅಂಗೈ ಉರಿಯುವಷ್ಟು.

ಪಕ್ಕದ ಮನೆ ಪ್ರೇಮಮ್ಮನೂ ಬಂದಿದ್ದರು. ನನ್ನ ಎಡಗಡೆ ಕುರ್ಚಿ. "ಪುಣ್ಯ ಮಾಡಿದ್ದೀಯ ಕಣಮ್ಮ ನೀನು" ಅಂತ ಕೈ ಹಿಡಿದರು. ಬೆಚ್ಚಿಬಿದ್ದೆ. ಅಷ್ಟು ಹೊತ್ತೂ ಆ ಕುರ್ಚಿಯಲ್ಲಿ ಒಬ್ಬರು ಕೂತಿರುವುದೇ ನನಗೆ ಕಂಡಿರಲಿಲ್ಲ.